ಟವರ್ ಕಣ್ಣಿಗೆ ಕಾಣ್ತಿದೆ, ಲಿಂಕ್ ಯಾಕೆ ನಿಲ್ತಿಲ್ಲ?

ತೋಟದಮನೆ: ತಾರಸಿಯಿಂದ ಎದುರು ಗುಡ್ಡದ ಟವರಿಗೆ 4 ಕಿ.ಮೀ., ನೆಟ್ಟಿಗೆ ಅಂತ ಹಾಕಿಸಿದ 5.8 ಗಿಗಾಹರ್ಟ್ಸ್ ಡಿಶ್. ಬೈನಾಕ್ಯುಲರಲ್ಲಿ ಆ ಕಡೆ ಡಿಶ್ಶೂ ಕಾಣುತ್ತೆ. ಅಂದ್ರೆ ಲೈನ್ ಆಫ್ ಸೈಟ್, ಮಧ್ಯೆ ಏನೂ ಅಡ್ಡ ಇಲ್ಲದ ದಾರಿ, ಇದೆ ತಾನೆ? ಬೇಸಿಗೇಲಿ ಸಿಗ್ನಲ್ ಮೈನಸ್ 58 ಇತ್ತು, ಜೂನ್ ಬಂದ್ಮೇಲೆ ಮೈನಸ್ 79ಕ್ಕೆ ಕುಸಿದಿದೆ. ಹಾಕಿಕೊಟ್ಟವರು ಫೋನೇ ಎತ್ತಲ್ಲ.

ತರಂಗಪ್ಪ: ಕಣ್ಣಿಗೆ ಕಂಡ್ರೆ ಸಾಲದು. ಎರಡು ಡಿಶ್ ನಡುವಿನ ಗೆರೆಯ ಸುತ್ತ ಫ್ರೆನೆಲ್ ಝೋನ್ ಅಂತ ಇರುತ್ತೆ, ತರಂಗ ಹರಡ್ಕೊಂಡು ಸಾಗೋ ಜಾಗ. ನಿಮ್ಮ ಲಿಂಕಿಗೆ ನಟ್ಟನಡುವೆ ಅದರ ತ್ರಿಜ್ಯ 7.2 ಮೀಟರ್. ಅದ್ರಲ್ಲಿ 60% ಆದ್ರೂ, ಅಂದ್ರೆ 4.3 ಮೀಟರ್ ಖಾಲಿ ಇರ್ಬೇಕು. ಮಧ್ಯೆ ಮರ ಇದೆಯಾ?

ತೋಟದಮನೆ: ಸಿಲ್ವರ್ ಓಕ್ ಇದೆ. ತುದಿ ಗೆರೆಗಿಂತ ಒಂದಾಳು ಕೆಳಗೇ ಇದೆ. ಅಡ್ಡ ಇಲ್ಲ ಅಂದ್ಮೇಲೆ ಇಲ್ಲ.

ಕರಾವಳಿ_ಕಿಟ್ಟಿ: "ಕಣ್ಣಿಗೆ ಕಂಡ್ರೆ ಸಾಲದು" ಅಂತೆ! ಕಣ್ಣಿಗೆ ಕಾಣೋದಕ್ಕೇ ಆ ಹೆಸರು ಸ್ವಾಮಿ. ಅಸಲಿ ತೊಂದರೆ ಭೂಮಿಯ ಉಬ್ಬು, ದುಂಡಗಿರೋದ್ರಿಂದ ನಡುವೆ ಎದ್ದಿರುತ್ತಲ್ಲ, ಅದು.

ತರಂಗಪ್ಪ: 4 ಕಿ.ಮೀ.ಗೆ ಉಬ್ಬು 31 ಸೆಂ.ಮೀ. ಒಂದು ಕೊಡದಷ್ಟೂ ಎತ್ತರ ಇಲ್ಲ.

ಘಟ್ಟದ_ಗೌಡ: ಉಬ್ಬು ಅಡ್ಡ ಬರೋದಾದ್ರೆ ಆಗುಂಬೆಯಿಂದ ಅರಬ್ಬಿ ಸಮುದ್ರ ಹೆಂಗೆ ಕಾಣುತ್ತೆ ಕಿಟ್ಟಿಯವ್ರೇ?

ಕರಾವಳಿ_ಕಿಟ್ಟಿ: ಯಾರಿಗೆ ಕಂಡಿದೆ? ನಾನು ಹೋದಾಗೆಲ್ಲ ಮೋಡ, ಮಂಗ ಎರಡೇ.

ಘಟ್ಟದ_ಗೌಡ: ಆಷಾಢದಲ್ಲಿ ಹೋಗಿ ಸಮುದ್ರ ಹುಡುಕಿದ್ರೆ ಇನ್ನೇನು ಸಿಗುತ್ತೆ? ಡಿಸೆಂಬರ್ ಸಂಜೆ ಬನ್ನಿ.

ತರಂಗಪ್ಪ: ಲೆಕ್ಕ ನೋಡಿ. ಮೀಟರ್ ಲೆಕ್ಕದ ಎತ್ತರದ ವರ್ಗಮೂಲವನ್ನ 3.57ರಿಂದ ಗುಣಿಸಿದ್ರೆ ದಿಗಂತ ಎಷ್ಟು ಕಿ.ಮೀ. ಅಂತ ಸಿಗುತ್ತೆ. 600 ಮೀಟರ್ ಮೇಲಿಂದ ದಿಗಂತ 87 ಕಿ.ಮೀ. ದೂರ. ಕಡಲು 50 ಕಿ.ಮೀ. ಒಳಗೇ ಇದೆ. ರೇಡಿಯೋಗಾದ್ರೆ 4.12ರಿಂದ ಗುಣಿಸ್ಬೇಕು, ಗಾಳಿ ತರಂಗವನ್ನ ಸ್ವಲ್ಪ ಬಗ್ಗಿಸುತ್ತೆ.

ಕರಾವಳಿ_ಕಿಟ್ಟಿ: "ಬಗ್ಗಿಸುತ್ತೆ"! ನೇರ ಗೆರೆ ಅಂತ ಪಾಠ ಮಾಡಿದ್ದು ಯಾರು? ನಿಮಗೇ ಗೊತ್ತಿಲ್ಲ ಬಿಡಿ.

ತರಂಗಪ್ಪ: "ನೇರ" ಅನ್ನೋ ಪದ ನಾನು ಬಳಸೇ ಇಲ್ಲ. ಮೇಲೆ ಹೋಗಿ ಓದಿ, ಆಮೇಲೆ ಬನ್ನಿ.

ನೆಟ್ಟಿಲ್ಲದ_ನಾಗಿ: ನಮ್ಮನೆಗೆ ಟವರ್ ಕಾಣೋದೇ ಇಲ್ಲ, ಆದ್ರೂ ಮೊಬೈಲಿಗೆ ಎರಡು ಕಡ್ಡಿ ಬರುತ್ತೆ. ಈ ಲೈನು ಗೀನು ಎಲ್ಲ ಬೂಸಿ.

ತರಂಗಪ್ಪ: ಅದು 900 ಮೆಗಾಹರ್ಟ್ಸ್ ಇರ್ಬಹುದು. 33 ಸೆಂ.ಮೀ. ತರಂಗ, ಗುಡ್ಡದ ಅಂಚು ಬಳಸಿ ಇಳಿಯುತ್ತೆ. ಇವರದ್ದು 5 ಸೆಂ.ಮೀ., ಎಲೆ ಸಿಕ್ಕಿದ್ರೆ ಅಲ್ಲೇ ಸೋಲುತ್ತೆ.

ತೋಟದಮನೆ: ಸಮುದ್ರ ಆಮೇಲೆ ನೋಡ್ಕೊಳ್ಳಿ ಮಾರಾಯ್ರೇ. ಮಳೆ ಹನಿಯಿಂದ ಹೀಗಾಗ್ತಿದೆಯಾ?

ತರಂಗಪ್ಪ: ಹನಿಯ ಆಟ ಏನಿದ್ರೂ 10 ಗಿಗಾಹರ್ಟ್ಸ್ ದಾಟಿದ್ಮೇಲೆ. ನಿಮ್ಮಲ್ಲಿ ಸಿಗ್ನಲ್ ತಿಂತಿರೋದು ಆ ಓಕಿನ ಒದ್ದೆ ಎಲೆ; ಒಂದಾಳು ಕೆಳಗಿದ್ರೆ 4.3 ಮೀಟರ್ ಖಾಲಿ ಆಗಲ್ಲ. ಕಂಬ ಏರಿಸಿ. ಮರ ನಟ್ಟನಡುವೆ ಇದ್ರೆ ಒಂದು ತುದಿ 6 ಮೀಟರ್ ಏರಿಸಿದಾಗ ಅಲ್ಲಿ ಸಿಗೋದು 3 ಮೀಟರ್ ಮಾತ್ರ, ನೆನಪಿರ್ಲಿ.

ಘಟ್ಟದ_ಗೌಡ: ಕಂಬ ಯಾಕೆ? ಮರದ ತುದಿ ಸವರ್ಸಿ. ಮೆಣಸಿನ ಬಳ್ಳಿ ಇದ್ರೆ ಜೋಪಾನ.

ತೋಟದಮನೆ: ಮರ ಪಕ್ಕದ ತೋಟದವರದ್ದು. ಬೇಲಿ ಜಗಳ ಆದಾಗಿಂದ ಮಾತಿಲ್ಲ. ಅಡ್ಡ ಇಲ್ಲದ ಮರಕ್ಕೆ ನಾನ್ಯಾಕೆ ಹೋಗಿ ಕೈ ಮುಗೀಲಿ?

ಕರಾವಳಿ_ಕಿಟ್ಟಿ: ಗೌಡ್ರೇ, ಡಿಸೆಂಬರ್ ಎಷ್ಟನೇ ತಾರೀಖು? ಕಾಣದಿದ್ರೆ ಪೆಟ್ರೋಲ್ ದುಡ್ಡು ನಿಮ್ದು.