ಪದಚರ್ಚೆ: ಲೇಖಕರ ಗ್ರಂಥಸಂಗ್ರಹದ ‘ಮರುಜೋಡಣೆ’; ಕೃತಿ, ಮುದ್ರಣ, ಪ್ರತಿ

ಪ್ರಶ್ನೆ

ತೀರಿಕೊಂಡ ಲೇಖಕರ ಸ್ವಂತ ಪುಸ್ತಕಸಂಗ್ರಹ ಚದುರಿಹೋದ ಮೇಲೆ, ಅದರಲ್ಲಿ ಏನೇನಿತ್ತು ಎಂದು ಹುಡುಕಿ ಪಟ್ಟಿ ಕಟ್ಟುವ ಕೆಲಸಕ್ಕೆ ಏನೆನ್ನಬೇಕು? ‘ಪುನರ್ನಿರ್ಮಾಣ’, ‘ಪುನಾರಚನೆ’, ‘ಮರುಜೋಡಣೆ’ ಮೂರೂ ಬಳಕೆಯಲ್ಲಿವೆ. ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್ ಅವರ ಪುಸ್ತಕಗಳ ಕುರಿತ ಲೇಖನಕ್ಕೆ ಬೇಕಾಗಿದೆ. ಪುಟದ ಅಂಚಿನಲ್ಲಿ ಬರೆದದ್ದಕ್ಕೆ, ಪುಸ್ತಕ ಕೊಟ್ಟವರು ಒಳಹಾಳೆಯಲ್ಲಿ ಬರೆದ ಸಾಲಿಗೆ, ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎನ್ನುವುದಕ್ಕೂ ಪದ ಸೂಚಿಸಿ.

ಉತ್ತರ 1

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಎರಡಕ್ಕೂ ಒಂದೇ ಪದ ಹಾಕಿದರೆ ಓದುಗರು ದಾರಿ ತಪ್ಪುತ್ತಾರೆ.

ಮೊದಲನೆಯದು, ಕಪಾಟಿಗೆ ಪುಸ್ತಕಗಳನ್ನೇ ಮತ್ತೆ ತಂದಿಡುವುದು. ಅಮೆರಿಕದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ 1815ರಲ್ಲಿ ತಮ್ಮ 6,487 ಸಂಪುಟಗಳನ್ನು 23,950 ಡಾಲರಿಗೆ ಅಮೆರಿಕದ ಕಾಂಗ್ರೆಸ್ಸಿಗೆ ಮಾರಿದರು. 1851ರ ಡಿಸೆಂಬರ್ 24ರ ಬೆಂಕಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸುಟ್ಟುಹೋಯಿತು. ಲೈಬ್ರರಿ ಆಫ್ ಕಾಂಗ್ರೆಸ್ ಅದೇ ಮುದ್ರಣದ ಬೇರೆ ಪ್ರತಿಗಳನ್ನು ಹುಡುಕಿ ಜಾಗ ತುಂಬುತ್ತ ಬಂದಿದೆ. ಪ್ರದರ್ಶನದಲ್ಲಿ ಜೆಫರ್ಸನ್ನರ ಸ್ವಂತ ಪ್ರತಿಗೆ ಹಸಿರು ರಿಬ್ಬನ್, ಹೊಸದಾಗಿ ಕೊಂಡದ್ದಕ್ಕೆ ಚಿನ್ನದ ಬಣ್ಣದ ರಿಬ್ಬನ್, ಗ್ರಂಥಾಲಯದ ಬೇರೆ ವಿಭಾಗದಿಂದ ತಂದದ್ದಕ್ಕೆ ರಿಬ್ಬನ್ ಇಲ್ಲ, ಇನ್ನೂ ಸಿಗದ ಪುಸ್ತಕದ ಜಾಗದಲ್ಲಿ ಖಾಲಿ ಪೆಟ್ಟಿಗೆ. ಯಾವುದು ಅವರದು, ಯಾವುದು ಬದಲಿ ಎಂದು ನೋಡಿದೊಡನೆ ತಿಳಿಯುವಂತೆ ಇಟ್ಟದ್ದು ಬಹಳ ಸರಿಯಾದ ಕ್ರಮ. ಇದಕ್ಕೆ ‘ಪುನರ್ನಿರ್ಮಾಣ’ ಒಪ್ಪುತ್ತದೆ.

ಎರಡನೆಯದು, ಮೆಲ್ವಿಲ್ ವಿಷಯದಲ್ಲಿ ನಡೆದದ್ದು. ಅವರು 1891ರಲ್ಲಿ ತೀರಿಕೊಂಡಾಗ ಸುಮಾರು ಸಾವಿರ ಪುಸ್ತಕಗಳಿದ್ದವು. ಕೆಲವು ಮನೆಯವರ ಬಳಿ ಉಳಿದವು, ಹೆಚ್ಚಿನವು ಹಳೆಪುಸ್ತಕದ ವ್ಯಾಪಾರಿಗಳಿಗೆ ಹೋದವು, ಧರ್ಮಶಾಸ್ತ್ರದವು ರದ್ದಿಗೆ ಬಿದ್ದವು. ಸಂಶೋಧಕ ಮರ್ಟನ್ ಸೀಲ್ಟ್ಸ್ 1948ರಿಂದ ಪ್ರಕಟಿಸಿದ್ದು ಪಟ್ಟಿಯನ್ನು. 1966ರಲ್ಲಿ ಅದು ಪುಸ್ತಕವಾಯಿತು, 1988ರಲ್ಲಿ ಪರಿಷ್ಕರಣೆಗೊಂಡಿತು. ಇಲ್ಲಿ ಒಂದು ಕಪಾಟೂ ತುಂಬಿಲ್ಲ. ಚದುರಿದ ಸುಳಿವುಗಳನ್ನು ಸೇರಿಸಿದ್ದಾರೆ ಅಷ್ಟೆ. ಹಾಗಾಗಿ ನಿಮ್ಮ ಲೇಖನಕ್ಕೆ ‘ಮರುಜೋಡಣೆ’ ಎನ್ನಿ.

ಇದಕ್ಕಿಂತ ಮುಖ್ಯವಾದದ್ದು ಕೃತಿ, ಮುದ್ರಣ, ಪ್ರತಿ ಎಂಬ ಮೂರರ ಭೇದ. ‘ಮೆಲ್ವಿಲ್ ಬಳಿ ಷೇಕ್ಸ್‌ಪಿಯರ್ ಇತ್ತು’ ಎಂದರೆ ಕೃತಿಯ ಮಾತು. ‘1837ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾದ ಏಳು ಸಂಪುಟಗಳ ಷೇಕ್ಸ್‌ಪಿಯರ್’ ಎಂದರೆ ಮುದ್ರಣ. ‘ಹಾರ್ವರ್ಡಿನ ಹೌಟನ್ ಗ್ರಂಥಾಲಯದಲ್ಲಿರುವ, ಅವರೇ ಗುರುತು ಹಾಕಿದ ಸೆಟ್ಟು’ ಎಂದಾಗಲೇ ಅದು ಪ್ರತಿ. ಒಂದು ಪತ್ರದಲ್ಲಿ ಹೆಸರು ಬಂದಿದ್ದರೆ ನಿಮಗೆ ಸಿಕ್ಕಿರುವುದು ಕೃತಿ ಮಾತ್ರ. ಅಂಗಡಿಯ ಬಿಲ್ಲು ಮುದ್ರಣದವರೆಗೆ ಒಯ್ಯಬಹುದು. ಪ್ರತಿ ಎನ್ನಲು ಪುಸ್ತಕವೇ ಕೈಗೆ ಸಿಗಬೇಕು. ನಮ್ಮಲ್ಲಿ ‘ಪ್ರತಿ’ಗೆ ಈ ಅರ್ಥ ಹಳೆಯದು. ಹಳಗನ್ನಡ ಕಾವ್ಯ ಸಂಪಾದಿಸುವವರು ‘ಕ ಪ್ರತಿ’, ‘ಖ ಪ್ರತಿ’ ಎಂದು ಪಾಠಾಂತರ ಕೊಡುವಾಗ ಹೇಳುವುದು ಇದನ್ನೇ. ತೊಡಕಿರುವುದು ‘ಮುದ್ರಣ’ದಲ್ಲಿ. ನಮ್ಮ ಪ್ರಕಾಶಕರು ಹಳೆಯ ಅಚ್ಚನ್ನೇ ಮತ್ತೆ ಹಾಕಿದರೂ, ಪಠ್ಯ ತಿದ್ದಿದರೂ ‘ಎರಡನೇ ಮುದ್ರಣ’ ಎಂದುಬಿಡುವುದುಂಟು. ಪಟ್ಟಿಯಲ್ಲಿ ಪ್ರಕಾಶಕರು, ಊರು, ವರ್ಷ, ಪುಟಸಂಖ್ಯೆ ನಾಲ್ಕನ್ನೂ ಕೊಟ್ಟರೆ ಈ ಗೊಂದಲ ಇರುವುದಿಲ್ಲ.

ಎಣಿಕೆಯಲ್ಲೂ ಎಚ್ಚರ ಬೇಕು. 2024ರಲ್ಲಿ ‘ಡಾರ್ವಿನ್ ಆನ್‌ಲೈನ್’ ಜಾಲತಾಣ ಪ್ರಕಟಿಸಿದ ಚಾರ್ಲ್ಸ್ ಡಾರ್ವಿನ್ನರ ಪಟ್ಟಿಯಲ್ಲಿ ಸುಮಾರು 7,400 ಶೀರ್ಷಿಕೆಗಳು, ಸಂಪುಟ ಮತ್ತು ಬಿಡಿ ಬರಹಗಳು ಸೇರಿ 13,000. ಎರಡಕ್ಕೂ ‘ಪುಸ್ತಕ’ ಎಂದರೆ ಲೆಕ್ಕ ಸುಮಾರು ಇಮ್ಮಡಿ ಆಗಿಬಿಡುತ್ತದೆ.

ಇನ್ನು ‘ಇತ್ತು’ ಮತ್ತು ‘ಎರವಲು’. ತಿಮಿಂಗಿಲ ಬೇಟೆಯ ಕುರಿತ ಸ್ಕೋರ್ಸ್‌ಬಿಯವರ ಪುಸ್ತಕವನ್ನು ಮೆಲ್ವಿಲ್ 1850ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಸೊಸೈಟಿ ಲೈಬ್ರರಿಯಿಂದ ಎರವಲು ತಂದರು. ಬೀಲ್ ಅವರ ತಿಮಿಂಗಿಲದ ಪುಸ್ತಕ ಅವರ ಸ್ವಂತದ್ದು. ಸೀಲ್ಟ್ಸ್ ಪಟ್ಟಿಯಲ್ಲಿ ಎರಡು ಬಗೆಯವೂ ಇವೆ. ಆದ್ದರಿಂದ ಅಲ್ಲಿ ಪುಸ್ತಕಕ್ಕೆ ಕೊಟ್ಟ ಕ್ರಮಸಂಖ್ಯೆ ಕಂಡ ಮಾತ್ರಕ್ಕೆ ‘ಮೆಲ್ವಿಲ್ ಕಪಾಟಿನಲ್ಲಿತ್ತು’ ಎಂದು ಬರೆಯಬೇಡಿ.

ಉತ್ತರ 2

ಉಳಿದ ಪದಗಳ ಬಗ್ಗೆ. ಪುಸ್ತಕ ಕೈ ಬದಲಾದ ಇತಿಹಾಸಕ್ಕೆ ‘ಮೂಲ’ ಎಂದರೆ ಮೂಲಕೃತಿ ಎಂದಾಗುತ್ತದೆ; ‘ಒಡೆತನದ ಜಾಡು’ ಸ್ಪಷ್ಟ. ಅಚ್ಚಾದ ‘ಅರ್ಪಣೆ’ ಬೇರೆ, ಕೈಯಲ್ಲಿ ಬರೆದುಕೊಟ್ಟ ‘ವಿಶ್ವಾಸಪೂರ್ವಕ’ದ ಸಾಲು ಬೇರೆ. ಎರಡನೆಯದಕ್ಕೆ ‘ಒಕ್ಕಣೆ’ ಎಂದರೆ ಸಾಕು.

ಜಾಡು ಹಿಡಿಯುವಾಗ ಒಳಹಾಳೆಯ ಸಹಿಯನ್ನೇ ನೆಚ್ಚಿಕೊಂಡರೆ ಕಷ್ಟ, ಯಾಕೆಂದರೆ ಹೊಸ ರಟ್ಟು ಕಟ್ಟಿಸುವಾಗ ಮೊದಲು ಹೋಗುವುದೇ ಆ ಹಾಳೆ. ಜೆಫರ್ಸನ್ ಗುರುತು ಹಾಕುತ್ತಿದ್ದುದು ಒಳಗೆ. ಒಂದೊಂದು ಫಾರಮ್ಮಿನ (ಮಡಿಸಿ ಹೊಲಿಯುವ ಹಾಳೆಗಳ ಕಂತೆಯ) ಮೊದಲ ಪುಟದ ಅಡಿಯಲ್ಲಿ ಮುದ್ರಕರು ಒಂದೊಂದು ಅಕ್ಷರ ಹಾಕುತ್ತಿದ್ದರಲ್ಲ, ಆ ಸಾಲಿನಲ್ಲಿ ‘ಐ’, ‘ಜೆ’ ಎರಡೂ ಒಂದೇ. ಅವರು ‘ಐ’ ಫಾರಮ್ಮಿನಲ್ಲಿ ಅಚ್ಚಾದ ಅಕ್ಷರದ ಮುಂಚೆ ಕೈಯಿಂದ ‘ಟಿ’ ಸೇರಿಸುತ್ತಿದ್ದರು, ‘ಟಿ’ ಫಾರಮ್ಮಿನಲ್ಲಿ ಅದರ ನಂತರ ‘ಜೆ’. ಎರಡರಲ್ಲೂ ಅವರ ಇನಿಷಿಯಲ್ ಆಯಿತು. ರಟ್ಟು ಬದಲಾದರೂ ಈ ಗುರುತು ಉಳಿಯುತ್ತದೆ.

ಹರಾಜಿನ ಪಟ್ಟಿ ಬಳಸುವವರಿಗೆ ‘ಲಾಟು’, ಎಂದರೆ ಒಂದೇ ಕೂಗಿಗೆ ಒಟ್ಟಾಗಿ ಮಾರುವ ಗುಂಪು, ಬೇಕಾಗುತ್ತದೆ. ಆ ಪದವನ್ನು ಹಾಗೆಯೇ ಇಡಿ. ನಾಟಕಕಾರ ಆಸ್ಕರ್ ವೈಲ್ಡ್ ಅವರ ಮನೆಯ ಸಾಮಾನು, ಪುಸ್ತಕ ಎಲ್ಲ 1895ರ ಏಪ್ರಿಲ್ 24ರಂದು ಸಾಲ ತೀರಿಸಲು ಹರಾಜಾದವು. ಇಂಥ ಹರಾಜಿನಲ್ಲಿ ಒಂದು ಲಾಟಿಗೆ ಒಂದೆರಡು ಹೆಸರು ಬರೆದು ಉಳಿದದ್ದನ್ನು ‘ಇತರೆ’ ಎಂದು ಮುಗಿಸುವುದು ರೂಢಿ. ಆ ‘ಇತರೆ’ಯನ್ನು ಊಹೆಯಿಂದ ತುಂಬಬಾರದು, ‘ಹೆಸರಿಲ್ಲದವು’ ಎಂದೇ ದಾಖಲಿಸಬೇಕು.

ಅಂಚಿನ ಬರಹಕ್ಕೆ ‘ಅಂಚುಟಿಪ್ಪಣಿ’ ಸರಿ, ಆದರೆ ಮಾತು ಇದ್ದರೆ ಮಾತ್ರ. ಬರೀ ಗೆರೆ, ಅಡ್ಡಗುರುತು, ಸರಿಗುರುತು ಇದ್ದರೆ ‘ಗುರುತು’ ಎನ್ನಿ. ಅಕ್ಷರವಾದರೆ ಬೇರೆ ಪತ್ರಗಳೊಡನೆ ಹೋಲಿಸಬಹುದು; ನೇರ ಗೆರೆ ಎಳೆದದ್ದು ಲೇಖಕರೋ, ಮನೆಯವರೋ, ಆಮೇಲೆ ಕೊಂಡವರೋ ಎಂದು ಗೆರೆಯೊಂದರಿಂದ ಹೇಳಲಾಗದು. ಮೆಲ್ವಿಲ್ ಪುಸ್ತಕಗಳಿಗೆ ‘ಅಳಿಸಿದ ಟಿಪ್ಪಣಿ’ ಎಂಬ ಮೂರನೆಯ ವರ್ಗವೂ ಬೇಕು. ಬೀಲ್ ಪ್ರತಿಯ ಪೆನ್ಸಿಲ್ ಬರಹವನ್ನು ಯಾರೋ ರಬ್ಬರಿನಿಂದ ಉಜ್ಜಿಹಾಕಿದ್ದಾರೆ. ಸೀಸ ಹೋದರೂ ಒತ್ತಿದ ತಗ್ಗು ಕಾಗದದಲ್ಲಿ ಇರುತ್ತದೆ. ಪುಟಕ್ಕೆ ತೀರ ಓರೆಯಾಗಿ ಪಕ್ಕದಿಂದ ಬೆಳಕು ಬಿಟ್ಟರೆ ತಗ್ಗಿನ ನೆರಳು ಕಾಣುತ್ತದೆ. ಬೆಳಕಿನ ದಿಕ್ಕು ಬದಲಿಸಿ ಹಲವು ಫೋಟೋ ತೆಗೆಯಬೇಕು, ಏಕೆಂದರೆ ಬೆಳಕಿನ ದಿಕ್ಕಿನಲ್ಲೇ ಸಾಗುವ ಗೆರೆಗೆ ನೆರಳು ಬೀಳುವುದಿಲ್ಲ. ಮೇಲೆ ಪೆನ್ಸಿಲ್ ಆಡಿಸಿ ಅಕ್ಷರ ಎಬ್ಬಿಸಲು ಹೋದರೆ ಇದ್ದ ತಗ್ಗೂ ಹಾಳು. ಓದಿಗೆ ದಕ್ಕದ ಅಕ್ಷರಗಳಿಗೆ ಚೌಕ ಕಂಸದಲ್ಲಿ ಅಷ್ಟೇ ಚುಕ್ಕಿ ಹಾಕಿ, ಊಹಿಸಿದ್ದಕ್ಕೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಡಿ.