ಮನು ಎಲ್ಲಿದ್ದಾನೆ? ನಮ್ಮ ಮನೆ ಗುಂಪಲ್ಲಿ ಶನಿವಾರ ನಡೆದ ಮಾತು

(ಹೆಸರು, ಊರು ಬದಲಿಸಿ, ಮನೆಯವರನ್ನ ಕೇಳಿಯೇ ಇಲ್ಲಿ ಹಾಕ್ತಿದ್ದೀನಿ. ಇದೇ ಸ್ಥಿತಿಯಲ್ಲಿರೋ ಇನ್ನೊಂದು ಮನೆಯವರಿಗೆ ದಾರಿ ಕಾಣಲಿ ಅಂತ.)

ರಘು ಭಾವ: [ಪೇಪರ್ ಕಟಿಂಗ್ ಫೋಟೋ]

ರಘು ಭಾವ: ಇದು ನಮ್ಮ ಮನು ತಾನೆ? ಆಫೀಸಲ್ಲಿ ಒಬ್ರು ಕಳಿಸಿದ್ರು. ಸೈಬರ್ ವಂಚಕರಿಗೆ ಬ್ಯಾಂಕ್ ಖಾತೆ ಕೊಟ್ಟಿದ್ದ ಮೂವರ ಬಂಧನ, ಬೆಂಗಳೂರಲ್ಲಿ ಅಂತ ಬಂದಿದೆ. ಚನ್ನರಾಯಪಟ್ಟಣದ ಹುಡುಗ ಅಂತಲೂ ಇದೆ.

ದೊಡ್ಡಪ್ಪ: ರಘು ಅವ್ರೇ, ಮೊದಲು ಅದನ್ನ ಡಿಲೀಟ್ ಮಾಡಿ. ಗುಂಪಲ್ಲಿ ಬೀಗರ ಕಡೆಯವರೂ ಇದ್ದಾರೆ.

ರಘು ಭಾವ: ಈ ಮೆಸೇಜ್ ಅಳಿಸಲಾಗಿದೆ

ದುಬೈ ಅಣ್ಣ: ನಾನು ನೋಡ್ಬಿಟ್ಟೆ. ಮನೂನೇ. ನೀಲಿ ಚೆಕ್ಸ್ ಶರ್ಟ್ ನಾನೇ ಕೊಡಿಸಿದ್ದು.

ಮೈಸೂರು ಅತ್ತೆ: ಖಾತೆ ಬಾಡಿಗೆಗೆ ಕೊಟ್ಟಿದ್ನಾ?

ಸರೋಜಾ ಚಿಕ್ಕಮ್ಮ: [ವಾಯ್ಸ್ ಮೆಸೇಜ್] ಗುರುವಾರ ರಾತ್ರಿ ಒಂದು ಫೋನ್ ಬಂತು ಭಾವ. ನಿಮ್ಮ ಮಗನ್ನ ಅರೆಸ್ಟ್ ಮಾಡಿದೀವಿ ಅಂದ್ರು. ಯಾವ ಸ್ಟೇಷನ್ನು ಅಂತ ಹೇಳಿದ್ರು, ಕೈಕಾಲು ನಡುಗ್ತಿತ್ತು, ತಲೆಗೇ ಹತ್ತಲಿಲ್ಲ. ವಾಪಸ್ ಮಾಡಿದ್ರೆ ಯಾರೂ ಎತ್ತಲ್ಲ. ಯಾರಿಗೂ ಹೇಳೋಕೆ ಬಾಯಿ ಬರ್ಲಿಲ್ಲ. ಈಗ ಎಲ್ಲಿ ಮಡಗಿದ್ದಾರೋ, ಊಟ ಮಾಡಿದ್ನೋ ಇಲ್ವೋ…

ದೊಡ್ಡಪ್ಪ: ಸರೋಜಾ, ಎರಡು ದಿನ ಮುಚ್ಚಿಟ್ಕೊಂಡು ಕೂತಿದ್ದೀಯಲ್ಲ. ತಮ್ಮ ಇದ್ದಿದ್ರೆ ಈ ಹುಡುಗ ಹೀಗಾಗ್ತಿರಲಿಲ್ಲ. ಈಗ ಒಂದು ಮಾತು ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಕಾನೂನು ಅದರ ಕೆಲಸ ಮಾಡ್ಲಿ. ನಾವು ಜೈಲು ಬಾಗಿಲಲ್ಲಿ ನಿಂತ್ರೆ ನಾವೂ ಅದರಲ್ಲಿ ಪಾಲುದಾರರು ಅಂತ ಆಗುತ್ತೆ. ಮನು ನಂಬರನ್ನ ಗುಂಪಿಂದ ತೆಗೀರಿ.

ನಾನು: ದೊಡ್ಡಪ್ಪಾ, ನಂಬರ್ ತೆಗೆಯೋ ಮಾತು ಆಮೇಲೆ. ಹುಡುಗ ಎಲ್ಲಿದ್ದಾನೆ ಅಂತ ಮೊದಲು ಗೊತ್ತಾಗ್ಲಿ. ಚಿಕ್ಕಮ್ಮ, ಬಂದ ಫೋನ್ ನಂಬರ್ ನನಗೆ ಕಳಿಸಿ.

ನಾನು: ಬಂಧಿಸಿದ ಮೇಲೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಕೋರ್ಟಿಗೆ ಕರ್ಕೊಂಡು ಹೋಗೋ ಪ್ರಯಾಣದ ಸಮಯ ಮಾತ್ರ ಅದರಲ್ಲಿ ಸೇರಲ್ಲ. ಸಂವಿಧಾನದ 22ನೇ ವಿಧಿಯಲ್ಲೇ ಇರೋ ಮಾತು. ಗುರುವಾರ ರಾತ್ರಿ ಹಿಡಿದಿದ್ರೆ ಶುಕ್ರವಾರವೇ ಹಾಜರುಪಡಿಸಿರ್ತಾರೆ. ಇವತ್ತು ಅವನಿರೋದು ಎರಡರಲ್ಲಿ ಒಂದು ಕಡೆ: ಪೊಲೀಸ್ ಕಸ್ಟಡಿ ಕೊಟ್ಟಿದ್ರೆ ಸ್ಟೇಷನ್ನಲ್ಲಿ, ನ್ಯಾಯಾಂಗ ಬಂಧನ ಅಂದಿದ್ರೆ ಜೈಲಲ್ಲಿ. ಯಾವುದು ಅಂತ ಆ ಕೋರ್ಟಿನ ರಿಮ್ಯಾಂಡ್ ಆದೇಶದಲ್ಲಿ, ಅಂದ್ರೆ ಬಂಧನದಲ್ಲಿಡೋಕೆ ಕೊಟ್ಟ ಆದೇಶದಲ್ಲಿ, ಇರುತ್ತೆ.

ಮೈಸೂರು ಅತ್ತೆ: ಪುಟ್ಟೀ, ಇಷ್ಟು ಕಾನೂನು ಅವನಿಗೆ. ನನಗೆ ಯಾವ ಕಾನೂನಿತ್ತು ಹೋದ ವರ್ಷ? ಷೇರು ಆ್ಯಪ್ ಅಂತ ನಂಬಿಸಿ ನಿಮ್ಮ ಮಾವನ ಪಿಂಚಣಿ ದುಡ್ಡೆಲ್ಲ ಎಳ್ಕೊಂಡ್ರು. ಆ ದುಡ್ಡು ಹೋಗಿದ್ದು ಇಂಥದ್ದೇ ಹುಡುಗರ ಖಾತೆಗೆ. ಖಾತೆ ಕೊಡೋರೇ ಇಲ್ಲದಿದ್ರೆ ಆ ಕಳ್ಳರು ಎಲ್ಲಿಗೆ ಹಾಕಿಸ್ಕೊಳ್ತಿದ್ರು?

ನಾನು: ಅತ್ತೆ, ಆ ದುಡ್ಡಿನ ಸಂಕಟ ನಾನು ನೋಡಿದೀನಿ. ನೀವು ಹೇಳೋದು ನಿಜ. ಖಾತೆ ಕೊಡೋರಿಲ್ಲದೆ ಆ ದಂಧೆ ನಡೆಯಲ್ಲ. ಮನು ನಿರಪರಾಧಿ ಅಂತ ನಾನು ಹೇಳ್ತಿಲ್ಲ. ಅವನು ಏನು ಮಾಡಿದ್ದಾನೆ, ಗೊತ್ತಿದ್ದೇ ಕೊಟ್ನಾ, ಎಷ್ಟು ತಗೊಂಡ, ಯಾರಿಗೆ ಕೊಟ್ಟ, ನಮ್ಮಲ್ಲಿ ಒಬ್ಬರಿಗೂ ತಿಳಿದಿಲ್ಲ. ತಪ್ಪಿದ್ರೆ ಕೋರ್ಟ್ ಶಿಕ್ಷೆ ಕೊಡುತ್ತೆ, ಅನುಭವಿಸ್ಲಿ. ಆದ್ರೆ ಕೋರ್ಟ್ ಕೊಡೋಕೆ ಮುಂಚೆ ಮನೆಯವರು ಕೊಡೋದು ಬೇಡ.

ರಘು ಭಾವ: ಸ್ಟೇಷನ್ ನಂಬರ್ ಸಿಕ್ತು, ನಾನೇ ಮಾತಾಡ್ದೆ. ನಿನ್ನೆ ಸಂಜೆ ಜೆಸಿ ಆಗಿದೆ, ಕಳಿಸಾಯ್ತು ಅಂದ್ರು. ಎಲ್ಲಿಗೆ ಅಂದಿದ್ದಕ್ಕೆ ಫೋನ್ ಇಟ್ಬಿಟ್ರು.

ನಾನು: ಜೆಸಿ ಅಂದ್ರೆ ನ್ಯಾಯಾಂಗ ಬಂಧನ. ಬೆಂಗಳೂರು ಕೇಸು, ಹಾಗಾಗಿ ಹೆಚ್ಚಾಗಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹ. ಆದ್ರೂ ಖಚಿತ ಮಾಡ್ಕೊಳ್ಳೋಣ. ಭಾವ, ಇನ್ನೊಂದು ಸಲ ಫೋನ್ ಮಾಡಿ ಕ್ರೈಂ ನಂಬರ್, ಅಂದ್ರೆ ಎಫ್‌ಐಆರ್ ನಂಬರ್, ಒಂದು ಕೇಳಿ. ಅದಿದ್ರೆ ಮುಕ್ಕಾಲು ಕೆಲಸ ಆದ ಹಾಗೆ. ಎಫ್‌ಐಆರ್ ಪೊಲೀಸ್ ವೆಬ್‌ಸೈಟಲ್ಲಿ ಹುಡುಕಬಹುದು. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದದ್ದನ್ನ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಕೋರ್ಟುಗಳ ಇ-ಕೋರ್ಟ್ಸ್ ವೆಬ್‌ಸೈಟಲ್ಲೂ ಸ್ಟೇಷನ್ ಹೆಸರು, ಎಫ್‌ಐಆರ್ ನಂಬರ್ ಹಾಕಿ ನೋಡಬಹುದು.

ನಾನು: ಜೈಲಲ್ಲಿ ವಿಚಾರಿಸುವಾಗ ‘ಮನು’ ಅಂದ್ರೆ ಸಿಗಲ್ಲ. ಆಧಾರಲ್ಲಿರೋ ಹಾಗೆ ಮನೋಹರ, ತಂದೆ ಹೆಸರು, ವಯಸ್ಸು, ಸ್ಟೇಷನ್, ಕ್ರೈಂ ನಂಬರ್ ಹೇಳಿ. ಒಂದೇ ಹೆಸರಿನವರು ಒಳಗೆ ಎಷ್ಟೋ ಜನ ಇರ್ತಾರೆ. ತಂದೆ ಹೆಸರಿಂದಲೇ ಗುರುತು ಹಿಡಿಯೋದು.

ಸರೋಜಾ ಚಿಕ್ಕಮ್ಮ: [ಫಾರ್ವರ್ಡ್ ಮಾಡಲಾಗಿದೆ] ಜೈಲಿನಲ್ಲಿ ನಿಮ್ಮ ಮಗನಿಗೆ ಒಳ್ಳೆ ಬ್ಯಾರಕ್, ಊಟ, ಫೋನ್, ಸೋಮವಾರ ಬೇಲ್ ಎಲ್ಲ ವ್ಯವಸ್ಥೆ ಮಾಡಲಾಗುವುದು. ಇಂದೇ 30,000 ಹಾಕಿ. ತಡ ಮಾಡಿದರೆ ಬೇರೆ ಜೈಲಿಗೆ ವರ್ಗ.

ಸರೋಜಾ ಚಿಕ್ಕಮ್ಮ: [ವಾಯ್ಸ್ ಮೆಸೇಜ್] ಇದು ಬೆಳಿಗ್ಗೆ ಬಂತು. ಫೋನೂ ಮಾಡಿದ್ರು. ಮನು ಹೆಸರು, ಊರು ಎಲ್ಲ ಸರಿಯಾಗಿ ಹೇಳಿದ್ರು.

ದುಬೈ ಅಣ್ಣ: ದುಡ್ಡಿನ ಯೋಚನೆ ಬೇಡ ಚಿಕ್ಕಮ್ಮ. ನಂಬರ್ ಕಳಿಸಿ, ಈಗಲೇ ಹಾಕ್ತೀನಿ. ಹುಡುಗ ಸುರಕ್ಷಿತವಾಗಿದ್ರೆ ಸಾಕು.

ನಾನು: ಅಣ್ಣಾ ಹಾಕ್ಬೇಡ. ದಯವಿಟ್ಟು ನಿಲ್ಸು.

ದುಬೈ ಅಣ್ಣ: 30 ಸಾವಿರ ಹೋದ್ರೆ ಹೋಗ್ಲಿ ಕಣೆ. ಹಾಕದೆ ಒಳಗೆ ಅವನಿಗೆ ಏನಾದ್ರೂ ಆದ್ರೆ?

ನಾನು: ಹೆಸರು, ಊರು ಪೇಪರಲ್ಲೇ ಬಂದಿದೆ. ಯಾರು ಬೇಕಾದ್ರೂ ಹೇಳಬಹುದು. ಅವರನ್ನ ಒಂದೇ ಪ್ರಶ್ನೆ ಕೇಳಿ, ಕ್ರೈಂ ನಂಬರ್ ಎಷ್ಟು, ಯಾವ ಕೋರ್ಟು ಅಂತ. ಬೇಲ್ ಕೊಡೋದು ನ್ಯಾಯಾಧೀಶರು. ಅದಕ್ಕೆ ಅರ್ಜಿ ಬೇಕು, ವಕೀಲರು ಬೇಕು, ಸರ್ಕಾರಿ ವಕೀಲರ ಆಕ್ಷೇಪಣೆ ಬರ್ಬೇಕು. ‘ಸೋಮವಾರ ಬೇಲ್’ ಅಂತ ಶನಿವಾರವೇ ಮಾರೋರು ಮೋಸಗಾರರು. ಒಂದು ಸಲ ಹಾಕಿದ್ರೆ ನಾಳೆ ಜಗಳ ಆಯ್ತು, ನಾಡಿದ್ದು ಆಸ್ಪತ್ರೆ ಅಂತ ಕೇಳ್ತಾನೇ ಇರ್ತಾರೆ. ಆ ನಂಬರಿನ ಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಡೋಣ.

ಮೈಸೂರು ಅತ್ತೆ: ಹಾಕ್ಬೇಡ ಮಗಾ. ನನಗೂ ಹೀಗೇ ಅವಸರ ಮಾಡಿಸಿದ್ರು. ಇವತ್ತೇ, ಈಗಲೇ ಅಂತ.

ದುಬೈ ಅಣ್ಣ: ಸರಿ ಅತ್ತೆ. ಹಾಕಲ್ಲ.

ದೊಡ್ಡಪ್ಪ: ಹಾಗಾದ್ರೆ ದೊಡ್ಡ ವಕೀಲರನ್ನ ಇಡ್ಬೇಕು. ಅದಕ್ಕೆ ಲಕ್ಷಗಟ್ಟಲೆ ಸುರೀಬೇಕು. ಸರೋಜಾ ಹತ್ರ ಏನಿದೆ? ಅಂಗನವಾಡಿ ಸಂಬಳ. ಅದಕ್ಕೇ ಹೇಳಿದ್ದು ಬಿಟ್ಬಿಡಿ ಅಂತ.

ನಾನು: ಬೇಡ ದೊಡ್ಡಪ್ಪಾ. ನಾನು ಪ್ಯಾರಾ ಲೀಗಲ್ ವಾಲಂಟಿಯರ್, ಅಂದ್ರೆ ಕಾನೂನು ನೆರವಿನ ಸ್ವಯಂಸೇವಕಿ, ಆಗಿ ದಿನಾ ನೋಡೋದು ಇದನ್ನೇ. ಬಂಧನದಲ್ಲಿರೋ ಯಾರಿಗೇ ಆದ್ರೂ ಉಚಿತ ವಕೀಲರನ್ನ ಕೊಡ್ಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್. ಹೆಣ್ಣುಮಕ್ಕಳು, ಎಸ್‌ಸಿ, ಎಸ್‌ಟಿಯವರ ಥರ ಬಂಧನದಲ್ಲಿರೋರಿಗೂ ಆದಾಯದ ಮಿತಿ ಇಲ್ಲ. ಸಹಾಯವಾಣಿ 15100. ಕೋರ್ಟ್ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತೆ, ಜೈಲೊಳಗೂ ಕಾನೂನು ನೆರವಿನ ಕ್ಲಿನಿಕ್ ಇರುತ್ತೆ. ಖಾಸಗಿ ವಕೀಲರೇ ಬೇಕಂದ್ರೆ ಇಡಿ. ದುಡ್ಡಿಲ್ಲ ಅನ್ನೋದು ಮಾತ್ರ ಅವನನ್ನ ಬಿಟ್ಟುಬಿಡೋಕೆ ಕಾರಣ ಆಗಬಾರ್ದು.

ದೊಡ್ಡಪ್ಪ: ಬಿಟ್ಟಿ ವಕೀಲರು ಏನು ಮಾಡ್ತಾರೆ?

ನಾನು: ಕೆಲವರು ತುಂಬ ಚೆನ್ನಾಗಿ ಮಾಡ್ತಾರೆ, ಕೆಲವರ ಹಿಂದೆ ಬೀಳಬೇಕು. ಖಾಸಗಿಯವರೂ ಅಷ್ಟೇ. ಯಾರೇ ಆದ್ರೂ ಹಿಂದೆ ಬೀಳೋಕೆ ಹೊರಗೆ ಒಬ್ಬರು ಇರ್ಬೇಕು. ಕೇಸ್ ಯಾವ ದಿನ ಇದೆ, ಅರ್ಜಿ ಹಾಕಿದ್ರಾ, ಆಕ್ಷೇಪಣೆ ಬಂತಾ ಅಂತ ಕೇಳೋರು. ಒಳಗಿರೋನಿಗೆ ಅದು ಯಾವುದೂ ಸಾಧ್ಯ ಇಲ್ಲ.

ನಾನು: ಒಂದು ಲೆಕ್ಕ ಹೇಳ್ತೀನಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ರು. ಅದರಲ್ಲಿ 4,34,302 ಜನ ವಿಚಾರಣಾಧೀನರು, ಅಂದ್ರೆ ಶಿಕ್ಷೆಯೇ ಆಗದೋರು. ನಾಲ್ಕರಲ್ಲಿ ಮೂವರು. ಇವರಲ್ಲಿ ಬೇಲ್ ಸಿಕ್ಕಿದ ಮೇಲೂ ಒಳಗೇ ಉಳಿಯೋರಿದ್ದಾರೆ ದೊಡ್ಡಪ್ಪಾ. ಜಾಮೀನು ನಿಲ್ಲೋಕೆ ಒಬ್ಬರೂ ಬರಲ್ಲ, ಅದಕ್ಕೆ. ಬೇಲ್ ಆದೇಶ ಆಗಿ ಏಳು ದಿನಕ್ಕೂ ಬಿಡುಗಡೆ ಆಗದಿದ್ರೆ ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸ್ಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯನ್ನೇ ಕೊಡಬೇಕಾಯ್ತು. ಮನು ಆ ಸಾಲಿಗೆ ಸೇರಬಾರ್ದು ಅನ್ನೋದೊಂದೇ ನನ್ನ ಹಠ.

ರಘು ಭಾವ: ಕ್ರೈಂ ನಂಬರ್ ಸಿಕ್ತು. ಈ ಸಲ ಬೇರೆಯವರು ಎತ್ತಿದ್ರು, ಚೆನ್ನಾಗೇ ಮಾತಾಡಿದ್ರು. ಬಿಎನ್‌ಎಸ್ 318(4), ಅಂದ್ರೆ ವಂಚನೆ, ಐಟಿ ಆ್ಯಕ್ಟ್ 66ಡಿ, ಅಂದ್ರೆ ಫೋನ್, ಕಂಪ್ಯೂಟರ್ ಬಳಸಿ ಬೇರೆಯವರ ಸೋಗಿನಲ್ಲಿ ಮಾಡೋ ವಂಚನೆ ಅಂತೆ. ಪರಪ್ಪನ ಅಗ್ರಹಾರವೇ.

ಸರೋಜಾ ಚಿಕ್ಕಮ್ಮ: ಎಷ್ಟು ವರ್ಷ ಹಾಕ್ತಾರೆ

ನಾನು: ಚಿಕ್ಕಮ್ಮ, ಅದು ವಿಚಾರಣೆ ಎಲ್ಲ ಮುಗಿದು ತಪ್ಪು ಸಾಬೀತಾದ್ರೆ ಬರೋ ಮಾತು. ಮೊದಲನೆಯದಕ್ಕೆ ಗರಿಷ್ಠ 7 ವರ್ಷ, ಎರಡನೆಯದಕ್ಕೆ ಗರಿಷ್ಠ 3. ಈಗಿರೋ ಸೆಕ್ಷನ್ ಪ್ರಕಾರ ಪೊಲೀಸರು 60 ದಿನದೊಳಗೆ ಚಾರ್ಜ್‌ಶೀಟ್ ಹಾಕ್ಬೇಕು. ಹಾಕದಿದ್ರೆ ಬೇಲ್ ಅವನ ಹಕ್ಕು. ಆದ್ರೆ ಅದಕ್ಕೂ ಅರ್ಜಿ ಹಾಕ್ಬೇಕು, ತಾನಾಗಿ ಬಾಗಿಲು ತೆರೆಯಲ್ಲ. ಅಲ್ಲೀವರೆಗೂ ಕಾಯೋದೂ ಬೇಡ, ಮಾಮೂಲು ಬೇಲ್ ಅರ್ಜಿ ಈ ವಾರವೇ ಹಾಕಿಸೋಣ.

ನಾನು: ಇನ್ನೊಂದು ವಿಷಯ ಎಲ್ಲರೂ ತಿಳ್ಕೊಂಡಿರಿ. ಅವನ ಖಾತೆಗೆ ಬಂದ ದುಡ್ಡು ಬೇರೆ ರಾಜ್ಯದವರದ್ದೂ ಇರಬಹುದು. ಹಾಗಿದ್ರೆ ಅಲ್ಲಿನ ಪೊಲೀಸರು ಬಾಡಿ ವಾರಂಟ್ (ಜೈಲಲ್ಲಿರೋನನ್ನ ತಮ್ಮ ಕೇಸಿಗೆ ತರಿಸ್ಕೊಳ್ಳೋ ಕೋರ್ಟ್ ಆದೇಶ) ಮೇಲೆ ಕರ್ಕೊಂಡು ಹೋಗಬಹುದು. ಹೋದ ವಾರ ಇದ್ದವನು ಈ ವಾರ ಇಲ್ಲ ಅಂತ ಎಷ್ಟೋ ತಾಯಂದಿರು ಜೈಲಿನ ಮುಂದೆ ಕಂಗಾಲಾಗೋದು ಹೀಗೆ. ಅದಕ್ಕೇ ಪ್ರತಿ ವಾರ ಒಬ್ಬರು ವಿಚಾರಿಸ್ತಾ ಇರ್ಬೇಕು.

ದುಬೈ ಅಣ್ಣ: ನೋಡೋಕೆ ಬಿಡ್ತಾರಾ?

ನಾನು: ಬಿಡ್ತಾರೆ. ಇ-ಪ್ರಿಸನ್ಸ್ ಪೋರ್ಟಲಲ್ಲಿ ಇ-ಮುಲಾಕಾತ್ ಅಂತಿದೆ. ಹೋಗೋರ ಹೆಸರು, ಗುರುತಿನ ಚೀಟಿ, ಕೈದಿಯ ವಿವರ ತುಂಬಿದ್ರೆ ಅರ್ಜಿ ಹೋಗುತ್ತೆ. ವೀಡಿಯೋ ಭೇಟಿಗೂ ಅದರಲ್ಲೇ ಕೇಳಬಹುದು. ಚಿಕ್ಕಮ್ಮನ ಹೆಸರಲ್ಲಿ ನಾನು ತುಂಬ್ತೀನಿ. ಒಳಗೆ ಕ್ಯಾಂಟೀನ್ ಇದೆ, ಅವನ ಹೆಸರಿಗೆ ದುಡ್ಡು ಕಟ್ಟೋದು ಹೇಗೆ ಅಂತ ಜೈಲಿನ ಕೌಂಟರಲ್ಲೇ ಕೇಳಿ ಕಟ್ಟೋಣ, ರಸೀದಿ ತಗೊಳ್ಳೋಣ. ಅಣ್ಣಾ, ನೀನು ಕೊಡ್ಬೇಕು ಅಂದ್ಕೊಂಡ ದುಡ್ಡು ಅಲ್ಲಿಗೆ ಹೋಗ್ಲಿ.

ಸರೋಜಾ ಚಿಕ್ಕಮ್ಮ: [ವಾಯ್ಸ್ ಮೆಸೇಜ್] ಕೋಡುಬಳೆ ಮಾಡ್ಕೊಂಡು ಹೋಗ್ಲಾ? ಬಟ್ಟೆ?

ನಾನು: ತಿಂಡಿ ಒಳಗೆ ಬಿಡೋದು ಅನುಮಾನ ಚಿಕ್ಕಮ್ಮ, ಮನೆ ಊಟಕ್ಕೆ ಕೋರ್ಟ್ ಅನುಮತಿ ಕೇಳ್ತಾರೆ. ಬಟ್ಟೆ ತನ್ನಿ. ಶಿಕ್ಷೆ ಆಗದೋರು ಸ್ವಂತ ಬಟ್ಟೆ ಹಾಕ್ಕೋಬಹುದು. ಅವನ ಉಬ್ಬಸದ ಔಷಧಿ ಚೀಟಿ ಇದ್ಯಲ್ಲ, ಅದರ ಜೆರಾಕ್ಸ್ ಮರೀಬೇಡಿ. ಜೈಲ್ ಡಾಕ್ಟರಿಗೆ ತೋರಿಸ್ಬೇಕು. ಎಲ್ಲಕ್ಕಿಂತ ಮುಖ್ಯ ಅದೇ.

ಮೈಸೂರು ಅತ್ತೆ: ಉಬ್ಬಸ ಇನ್ನೂ ಇದ್ಯಾ ಅವನಿಗೆ?

ಸರೋಜಾ ಚಿಕ್ಕಮ್ಮ: ಇದೆ ಅತ್ತಿಗೆ. ಚಳಿಗೆ ಜಾಸ್ತಿ

ದೊಡ್ಡಪ್ಪ: ಜಾಮೀನಿಗೆ ಪಹಣಿ ಕೇಳ್ತಾರಲ್ವಾ?

ನಾನು: ಹೌದು ದೊಡ್ಡಪ್ಪಾ. ಪಹಣಿ, ಆಧಾರ್, ಫೋಟೋ. ಹಾಸನ ಜಿಲ್ಲೆಯ ಜಮೀನು ಬೆಂಗಳೂರು ಕೋರ್ಟಿಗೆ ಆಗಲ್ಲ ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ. ಬೇರೆ ಜಿಲ್ಲೆಯವರು ಅನ್ನೋ ಕಾರಣಕ್ಕೆ ಜಾಮೀನುದಾರರನ್ನ ತಿರಸ್ಕರಿಸಬಾರ್ದು ಅಂತ 1978ರಲ್ಲೇ ಮೋತಿರಾಮ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದೊಡ್ಡಪ್ಪ: ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಇದೆ. ಪೌತಿ ಖಾತೆ ಆಗಿಲ್ಲ. ಈಗ ತಾನೆ ಪಹಣಿ ತೆಗೆದು ನೋಡ್ದೆ.

ರಘು ಭಾವ: ಮಾವ, ನನ್ನ ಸೈಟ್ ನನ್ನ ಹೆಸರಲ್ಲಿದೆ. ನಾನು ನಿಲ್ತೀನಿ.

ದೊಡ್ಡಪ್ಪ: ನಿಮಗೆ ತೊಂದರೆ ಆಗಲ್ವಾ? ಅವನು ಕೋರ್ಟಿಗೆ ಹೋಗದೆ ಓಡಿಹೋದ್ರೆ ನಿಮ್ಮ ತಲೆಗೆ ಬರುತ್ತೆ.

ನಾನು: ಬರುತ್ತೆ. ಬಾಂಡ್ ಮೊತ್ತ ಕಟ್ಟಿ ಅಂತ ಜಾಮೀನುದಾರರಿಗೆ ನೋಟಿಸ್ ಬರುತ್ತೆ. ಭಾವ ಅದನ್ನ ತಿಳಿದೇ ಸಹಿ ಮಾಡ್ಬೇಕು. ಅದಕ್ಕೇ ಮನು ಬಿಡುಗಡೆ ಆದ್ಮೇಲೆ ಚನ್ನರಾಯಪಟ್ಟಣದಲ್ಲೇ ಇರ್ಲಿ, ಪ್ರತಿ ತಾರೀಕಿಗೂ ನಮ್ಮಲ್ಲೊಬ್ಬರು ಕರ್ಕೊಂಡು ಹೋಗೋಣ.

ದೊಡ್ಡಪ್ಪ: ಕರ್ಕೊಂಡು ಹೋಗೋದು ನಾನು ನೋಡ್ಕೋತೀನಿ. ಮದುವೆ ಮಾತಿಗೆ ಬೀಗರ ಹತ್ರ ನಾನೇ ಹೇಳ್ತೀನಿ. ಪೇಪರಿಂದ ತಿಳಿಯೋದಕ್ಕಿಂತ ವಾಸಿ.

ಮೈಸೂರು ಅತ್ತೆ: ನಾನು ಜೈಲಿಗೆ ಬರಲ್ಲ. ನನ್ನಿಂದ ಆಗಲ್ಲ. ಆದ್ರೆ ಅವನು ಹೊರಗೆ ಬಂದ್ಮೇಲೆ ನನ್ನ ಎದುರಿಗೆ ಬಂದು ಕೂರ್ಬೇಕು. ಆ ದುಡ್ಡು ಯಾರ್ಯಾರದ್ದು ಅಂತ ಯೋಚನೆ ಮಾಡಿದ್ನಾ ಅಂತ ನಾನು ಕೇಳ್ಬೇಕು.

ನಾನು: ಕೇಳಿ ಅತ್ತೆ. ಕೇಳೋ ಹಕ್ಕು ನಿಮಗಿದೆ. ಇಷ್ಟು ಮಾತ್ರ, ಕೇಸ್ ವಿಷಯ ಫೋನಲ್ಲಿ, ಜೈಲಿನ ಭೇಟೀಲಿ, ಈ ಗುಂಪಲ್ಲಿ ಯಾರೂ ಅವನನ್ನ ಕೆದಕೋದು ಬೇಡ. ಅದು ಅವನೂ ವಕೀಲರೂ ಕೂತು ಮಾತಾಡೋದು.

ನಾನು: ಸೋಮವಾರದ ಕೆಲಸ: ನಾನು ಬೆಳಿಗ್ಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡ್ತೀನಿ. ವಕಾಲತ್ತಿಗೆ (ವಕೀಲರನ್ನ ನೇಮಿಸೋ ಪತ್ರ) ಜೈಲಲ್ಲೇ ಮನು ಸಹಿ ಹಾಕ್ಬೇಕು, ಅಧಿಕಾರಿ ದೃಢೀಕರಿಸ್ಬೇಕು, ಅದನ್ನ ವಕೀಲರ ಮೂಲಕ ಮಾಡಿಸ್ತೀನಿ. ಭಾವ ಎಫ್‌ಐಆರ್, ರಿಮ್ಯಾಂಡ್ ಆದೇಶದ ಪ್ರತಿ ತರ್ತಾರೆ. ಚಿಕ್ಕಮ್ಮ ಮೂಲ ಆಧಾರ್ ಇಟ್ಕೊಂಡು ಭಾನುವಾರ ಸಂಜೆಯೇ ನಮ್ಮನೆಗೆ ಬನ್ನಿ. ಯಾರ ಫೋನ್ ಬಂದ್ರೂ ದುಡ್ಡಿನ ಮಾತು ನನಗೆ ಹೇಳದೆ ಬೇಡ.

ದೊಡ್ಡಪ್ಪ: ಸರೋಜಾ ಒಬ್ಬಳೇ ಬಸ್ಸಲ್ಲಿ ಬರೋದು ಬೇಡ. ನಾನು ಕರ್ಕೊಂಡು ಬರ್ತೀನಿ. ಅರಸೀಕೆರೆಯಿಂದ ಮಧ್ಯಾಹ್ನ ಹೊರಡ್ತೀನಿ.

ಸರೋಜಾ ಚಿಕ್ಕಮ್ಮ: ಸರಿ ಭಾವ 🙏