ಆಂಟಿಬಯಾಟಿಕ್ ಆದ ಮೇಲೆ ಅಮ್ಮನ ಹೊಟ್ಟೆ ಕೆಟ್ಟಿದೆ, ಕರುಳಿನ ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸಬೇಕಾ?

ಹಿಪ್ಪುನೇರಳೆ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ, ರೇಷ್ಮೆ ಹುಳು ಸಾಕುತ್ತೇವೆ. ಅಮ್ಮನಿಗೆ ಅರವತ್ತು ದಾಟಿದೆ. ಕೀಲುವಾತ ಇದೆ, ರುಮಟಾಯ್ಡ್ ಅಂತಾರಲ್ಲ, ಅದು. ಸಲ್ಫಾಸಲಜಿನ್ ಮಾತ್ರೆ ತಗೊಳ್ಳುತ್ತಾರೆ. ಅದರಿಂದ ತುಂಬಾ ಅನುಕೂಲ ಆಗಿದೆ. ಮೊದಲು ಬೆಳಗ್ಗೆ ಎದ್ದರೆ ಲೋಟ ಹಿಡಿಯೋಕೂ ಬೆರಳು ಮಡಚುತ್ತಿರಲಿಲ್ಲ, ಈಗ ಬೇಡ ಅಂದರೂ ಸೊಪ್ಪು ಕೊಯ್ಯೋಕೆ ಬರುತ್ತಾರೆ.

ಹೋದ ತಿಂಗಳು ಹಲ್ಲು ಕೀಳಿಸಿದೆವು. ಕೀವು ಇತ್ತು ಅಂತ ಕ್ಲಿಂಡಾಮೈಸಿನ್ ಕೊಟ್ಟರು. ಕೋರ್ಸ್ ಮುಗಿದ ಮೇಲೆ ಭೇದಿ ಶುರು. ದಿನಕ್ಕೆ ನಾಲ್ಕೈದು ಸಲ, ಬರೀ ನೀರು. ಹೊಟ್ಟೆ ಹಿಂಡಿದ ಹಾಗೆ ನೋವು, ಸಂಜೆ ಹೊತ್ತಿಗೆ ಮೈ ಬೆಚ್ಚಗಾಗುತ್ತದೆ. ಮನೆಯಲ್ಲಿ ಎಲ್ಲರೂ ತಿನ್ನುವುದು ಒಂದೇ ಅಡುಗೆ, ಬೇರೆ ಯಾರಿಗೂ ಏನೂ ಆಗಿಲ್ಲ. ಇದರ ಜೊತೆಗೆ ಬೆರಳು ಮತ್ತೆ ಬಿಗಿಯುತ್ತಿದೆ ಅಂತಾರೆ.

ತಂಗಿ ಹೇಳೋದು, ಒಳ್ಳೆ ಬ್ಯಾಕ್ಟೀರಿಯಾ ಎಲ್ಲ ಸತ್ತುಹೋಗಿದೆ, ಕರುಳಿನ ಟೆಸ್ಟ್ ಮಾಡಿಸಿದರೆ ಯಾವುದು ಕಮ್ಮಿ ಇದೆ ಅಂತ ಗೊತ್ತಾಗುತ್ತದೆ, ಅದಕ್ಕೆ ತಕ್ಕ ಪುಡಿ ಕಳಿಸುತ್ತಾರೆ ಅಂತ. ಡಬ್ಬಿ ಮನೆಗೇ ಬರುತ್ತದಂತೆ. ಬೆಲೆ ನೋಡಿ ತಲೆ ತಿರುಗಿತು. ಮಾಡಿಸಬೇಕಾ? ವಾತದ ಮಾತ್ರೆಗೂ ಈ ಬ್ಯಾಕ್ಟೀರಿಯಾಗೂ ಸಂಬಂಧ ಇದೆಯಾ, ಇಲ್ಲಾ ನಾನೇ ಸುಮ್ನೆ ಗಂಟು ಹಾಕುತ್ತಿದ್ದೀನಾ?

ಮುದ್ದೆ ಬಸ್ಸಾರು

ಅಣ್ಣ, ಇಷ್ಟಕ್ಕೆಲ್ಲ ಯಾಕೆ ಯೋಚನೆ. ಗಟ್ಟಿ ಮೊಸರನ್ನ ಹಾಕಿ, ಭೇದಿ ನಿಲ್ಲೋ ಮಾತ್ರೆ ಒಂದು ಕೊಡಿ. ನಮ್ಮ ಮನೇಲಿ ಯಾವಾಗಲೂ ಅಷ್ಟೇ ಮಾಡೋದು.

ಮೆಡಿಕಲ್ಸ್ ಕೌಂಟರ್ (ಚಿಂತಾಮಣಿ)

ಮೇಲಿನವರ ಮೊಸರನ್ನಕ್ಕೆ ನನ್ನ ತಕರಾರಿಲ್ಲ. ನಿಲ್ಲಿಸೋ ಮಾತ್ರೆ ಮಾತ್ರ ದಯವಿಟ್ಟು ಕೊಡಬೇಡಿ. ಲೋಪರಮೈಡ್ ಕರುಳಿನ ಓಟ ತಡೆಯುತ್ತದೆ. ಒಳಗೆ ವಿಷ ಮಾಡೋ ಬ್ಯಾಕ್ಟೀರಿಯಾ ಇದ್ದರೆ ಆ ವಿಷ ಒಳಗೇ ಕೂರುತ್ತದೆ.

ಹಿಪ್ಪುನೇರಳೆ ಅವರೇ, ಟೆಸ್ಟ್ ವಿಷಯ ಆಮೇಲೆ. ಇವತ್ತೇ ಅಮ್ಮನನ್ನ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಅರವತ್ತು ದಾಟಿದವರು, ಕ್ಲಿಂಡಾಮೈಸಿನ್ ತಗೊಂಡವರು, ದಿನಕ್ಕೆ ಮೂರಕ್ಕಿಂತ ಜಾಸ್ತಿ ಸಲ ನೀರು ಭೇದಿ, ಜೊತೆಗೆ ಜ್ವರ ಅಂದರೆ ನಮ್ಮ ತಲೆಗೆ ಮೊದಲು ಬರೋದು ಸಿ ಡಿಫ್. ಪೂರ್ತಿ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್, ಕರುಳಲ್ಲಿ ವಿಷ ಮಾಡೋ ಒಂದು ಬ್ಯಾಕ್ಟೀರಿಯಾ. ಕ್ಲಿಂಡಾಮೈಸಿನ್ ಇದಕ್ಕೆ ಹಳೇ ಕುಖ್ಯಾತ. ಸೆಫಲೋಸ್ಪೊರಿನ್, ಸಿಪ್ರೊಫ್ಲಾಕ್ಸಸಿನ್ ಜಾತಿಯ ಮಾತ್ರೆಗಳಿಂದಲೂ ಬರುತ್ತದೆ. ಕೋರ್ಸ್ ನಡೀತಿರುವಾಗಲೇ ಬರಬಹುದು, ಮುಗಿದು ಎಷ್ಟೋ ವಾರ ಆದ ಮೇಲೂ ಬರಬಹುದು. ಹಾಗಾಗಿ ಡಾಕ್ಟರ್ "ಈಚೆಗೆ ಏನಾದರೂ ಮಾತ್ರೆ ತಗೊಂಡ್ರಾ" ಅಂತ ಕೇಳದೆ ಇದ್ದರೂ ನೀವಾಗಿ ಹೇಳಿ, ಹಲ್ಲಿನ ಚೀಟಿ ತಗೊಂಡೇ ಹೋಗಿ. ಮಲದಲ್ಲಿ ಟಾಕ್ಸಿನ್, ಅಂದರೆ ಆ ವಿಷ, ಇದೆಯಾ ಅಂತ ನೋಡೋ ಟೆಸ್ಟ್ ಇದೆ. ನೀವು ಮಾಡಿಸಬೇಕಾದ ಟೆಸ್ಟ್ ಅದು. ಅಲ್ಲಿವರೆಗೆ ಓಆರ್‌ಎಸ್ ಕುಡಿಸ್ತಾ ಇರಿ.

ಒಂದು ಮಾತು, ಕೌಂಟರ್ ಈ ಕಡೆ ನಿಂತು ಹೇಳ್ತಿದ್ದೀನಿ. ದಿನಾ ಯಾರಾದರೂ ಬಂದು "ಹೋದ ಸಲ ಕೊಟ್ಟಿದ್ರಲ್ಲ, ಆ ದೊಡ್ಡ ಮಾತ್ರೆ ಮೂರು ಕೊಡಿ" ಅಂತಾರೆ. ನೆಗಡಿಗೆ! ಸ್ಟ್ರಿಪ್ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇರೋದು ಅಲಂಕಾರಕ್ಕಲ್ಲ. ಚೀಟಿ ಇಲ್ಲದೆ ತಗೋಬೇಡಿ ಅಂತ. ಚೀಟಿ ಕೇಳಿದರೆ ಪಕ್ಕದ ಅಂಗಡಿಗೆ ಹೋಗ್ತಾರೆ, ಅದು ಬೇರೆ ಕಥೆ.

ಮೈಕ್ರೋಸ್ಕೋಪ್ (ಕೋಲಾರ)

ಕೌಂಟರ್ ಅವರು ಹೇಳಿದ್ದು ಸರಿ. ನಾನು ಆಸ್ಪತ್ರೆ ಲ್ಯಾಬಲ್ಲಿ ಮೈಕ್ರೋಬಯಾಲಜಿ ಕೆಲಸ ಮಾಡೋದು, ಡಾಕ್ಟರ್ ಅಲ್ಲ. ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ಹೇಳ್ತೀನಿ.

ಈ ಸಿ ಡಿಫ್ ಬೀಜಾಣು ರೂಪದಲ್ಲಿ, ಅಂದರೆ ಬೀಜದ ಹಾಗೆ ಗಟ್ಟಿ ಕವಚದೊಳಗೆ ಮಲಗಿಕೊಂಡು, ಎಲ್ಲೆಲ್ಲೂ ಇರುತ್ತದೆ. ಹೊಟ್ಟೆಗೆ ಹೋದರೂ ಸಾಮಾನ್ಯವಾಗಿ ಏನೂ ಮಾಡೋಕಾಗಲ್ಲ. ಲಿವರ್‌ನಿಂದ ಬರೋ ಪಿತ್ತದ ಆಮ್ಲಗಳನ್ನ ನಮ್ಮ ಕರುಳಿನ ಬ್ಯಾಕ್ಟೀರಿಯಾ ಬೇರೆ ರೂಪಕ್ಕೆ ಬದಲಾಯಿಸುತ್ತವೆ, ಆ ಬದಲಾದ ರೂಪ ಸಿ ಡಿಫ್ ಬೆಳೆಯದ ಹಾಗೆ ತಡೆಯುತ್ತದೆ. ಆಂಟಿಬಯಾಟಿಕ್ ಬಂದು ಆ ಕೆಲಸ ಮಾಡೋ ಬ್ಯಾಕ್ಟೀರಿಯಾಗಳನ್ನೇ ಕೊಂದರೆ, ಪಿತ್ತದ ಆಮ್ಲ ಬದಲಾಗದೆ ಹಾಗೇ ಉಳಿದು ಬೀಜಾಣು ಮೊಳೆಯೋಕೆ ಅನುಕೂಲ ಮಾಡಿಕೊಡುತ್ತದೆ. ಹಲ್ಲಿಗೆ ಕೊಟ್ಟ ಮಾತ್ರೆ ಹೊಟ್ಟೆ ಕೆಡಿಸೋದು ಹೀಗೆ.

ಇನ್ನು ವಾತದ ಮಾತ್ರೆ. ನೀವು ಗಂಟು ಹಾಕಿದ್ದು ಸುಮ್ನೆ ಅಲ್ಲ! ಎಷ್ಟೋ ಔಷಧಿ ಇದ್ದರೂ ಅಮ್ಮನಿಗೆ ಸಿಕ್ಕಿರೋದು ಬ್ಯಾಕ್ಟೀರಿಯಾ ಇಲ್ಲದೆ ಕೆಲಸವನ್ನೇ ಮಾಡದ ಮಾತ್ರೆ. ಸಲ್ಫಾಸಲಜಿನ್ ಅಂದರೆ ಎರಡು ಔಷಧಿಯನ್ನ ಒಂದು ರಾಸಾಯನಿಕ ಕೊಂಡಿಯಿಂದ ಜೋಡಿಸಿರೋದು, ಸಲ್ಫಾಪಿರಿಡಿನ್ ಒಂದು, ಮೆಸಲಮಿನ್ ಇನ್ನೊಂದು. ನುಂಗಿದ ಮೇಲೆ ಬಹುಪಾಲು ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಕೊಂಡಿ ಕತ್ತರಿಸುತ್ತವೆ. ಮೆಸಲಮಿನ್ ಅಲ್ಲೇ ಉಳಿದು ಕರುಳಿನ ಹುಣ್ಣಿಗೆ ಕೆಲಸ ಮಾಡುತ್ತದೆ, ಸಲ್ಫಾಪಿರಿಡಿನ್ ರಕ್ತಕ್ಕೆ ಹೋಗುತ್ತದೆ, ಕೀಲಿಗೆ ಸಿಗೋ ಗುಣದಲ್ಲಿ ಹೆಚ್ಚಿನ ಪಾಲು ಅದರದ್ದು ಅಂತ ನಂಬಿಕೆ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ 1940ರ ಆಸುಪಾಸಿನಲ್ಲಿ ಇದನ್ನ ಕೀಲುವಾತಕ್ಕೆ ಅಂತಲೇ ಮಾಡಿಸಿದ್ದು. ಕೊಂಡಿ ಕತ್ತರಿಸೋದು ಬ್ಯಾಕ್ಟೀರಿಯಾ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಆಂಟಿಬಯಾಟಿಕ್ ಜೊತೆ ತಗೊಂಡರೆ ಕತ್ತರಿಸೋದು ಕಮ್ಮಿ ಆಗಬಹುದು, ಭೇದಿಯಲ್ಲಿ ಮಾತ್ರೆ ಬೇಗ ಹೊರಗೂ ಹೋಗುತ್ತದೆ. ಅಮ್ಮನ ಬೆರಳು ಬಿಗಿಯೋದು ಇದಕ್ಕೇ ಅಂತ ನಾನು ಇಲ್ಲಿ ಕೂತು ಹೇಳೋಕಾಗಲ್ಲ, ಸೋಂಕು ಬಂದಾಗ ವಾತವೇ ಕೆರಳುವುದೂ ಉಂಟು. ಆದರೆ ವಾತದ ಡಾಕ್ಟರಿಗೆ ಈ ಮಾತು ತಿಳಿಸಲೇಬೇಕು. ನೀವಾಗಿ ಡೋಸ್ ಜಾಸ್ತಿ ಮಾಡಬೇಡಿ, ನಿಲ್ಲಿಸಲೂಬೇಡಿ.

ಮುದ್ದೆ ಬಸ್ಸಾರು

ಅಯ್ಯೋ, ನಾವು ನುಂಗೋ ಮಾತ್ರೇನ ಬ್ಯಾಕ್ಟೀರಿಯಾ ಬಿಚ್ಚಿ ಕೊಡುತ್ತಾ? ಬೇರೆ ಮಾತ್ರೆಗೂ ಹೀಗೆಯಾ? ನಮ್ಮಪ್ಪನಿಗೆ ಹಾರ್ಟಿಗೆ ಡಿಗಾಕ್ಸಿನ್ ಇದೆ.

ಮೈಕ್ರೋಸ್ಕೋಪ್ (ಕೋಲಾರ)

ಸರಿಯಾದ ಮಾತ್ರೆ ಹೆಸರೇ ಹೇಳಿದಿರಿ. ಎಗರ್ಥೆಲ್ಲಾ ಲೆಂಟಾ ಅಂತ ಒಂದು ಬ್ಯಾಕ್ಟೀರಿಯಾ, ಅದು ಡಿಗಾಕ್ಸಿನ್ನನ್ನ ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಎಲ್ಲರಲ್ಲೂ ಅಲ್ಲ, ಕೆಲವರಲ್ಲಿ. ಇಲ್ಲಿ ಅಪಾಯ ಉಲ್ಟಾ. ಅಂಥವರಿಗೆ ಕೆಲವು ಆಂಟಿಬಯಾಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ಸತ್ತು, ಅದೇ ಡೋಸ್‌ನಲ್ಲೇ ರಕ್ತದಲ್ಲಿ ಡಿಗಾಕ್ಸಿನ್ ಏರಿಬಿಡುತ್ತದೆ. 1981ರಲ್ಲೇ ಇದು ಅಮೆರಿಕದಲ್ಲಿ ವರದಿಯಾಗಿತ್ತು. ಆಮೇಲೆ 1989ರಲ್ಲಿ ನ್ಯೂಯಾರ್ಕಿನವರನ್ನೂ ದಕ್ಷಿಣ ಭಾರತದವರನ್ನೂ ಹೋಲಿಸಿ ನೋಡಿದರು, ವೆಲ್ಲೂರಿನ ಸಂಶೋಧಕರೂ ಅದರಲ್ಲಿದ್ದರು. ನ್ಯೂಯಾರ್ಕಿನಲ್ಲಿ ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಜನರ ಕರುಳು ಈ ಕೆಲಸ ಮಾಡುತ್ತಿತ್ತು, ನಮ್ಮ ಕಡೆ ನೂರಕ್ಕೆ 14ರ ಹತ್ತಿರ. ಒಂದೇ ಮಾತ್ರೆ, ಊರು ಬದಲಾದರೆ ಕರುಳು ಬೇರೆ! ಅಪ್ಪನಿಗೆ ಯಾರೇ ಆಂಟಿಬಯಾಟಿಕ್ ಬರೆದರೂ "ಡಿಗಾಕ್ಸಿನ್ ತಗೋತಾರೆ" ಅಂತ ಮೊದಲು ಹೇಳಿ.

ಪಾರ್ಕಿನ್ಸನ್ಸ್‌ಗೆ ಕೊಡೋ ಲೆವೊಡೋಪಾದ ಕಥೆಯೂ ಹೀಗೇ. ಅದು ಮೆದುಳಿಗೆ ಹೋಗಿ ಡೋಪಮಿನ್ ಆಗಬೇಕು, ಕೆಲವರ ಕರುಳಲ್ಲಿ ಬ್ಯಾಕ್ಟೀರಿಯಾವೇ ಅರ್ಧ ದಾರಿಯಲ್ಲಿ ಮಾಡಿ ಮುಗಿಸುತ್ತದೆ. ಕಾರ್ಬಿಡೋಪಾ ಅಂತ ಜೊತೆಗೆ ಕೊಡೋದು ನಮ್ಮ ಮೈಯ ಕಿಣ್ವವನ್ನ ತಡೆಯುತ್ತದೆ, ಬ್ಯಾಕ್ಟೀರಿಯಾದ್ದನ್ನ ತಡೆಯಲ್ಲ.

ಕಲ್ಪತರು (ತಿಪಟೂರು)

ಡಬ್ಬಿ ಟೆಸ್ಟ್ ಬಗ್ಗೆ ನಾನು ಹೇಳ್ತೀನಿ, ದುಡ್ಡು ಕೊಟ್ಟವನು ನಾನು. ಗ್ಯಾಸ್ ಜಾಸ್ತಿ ಅಂತ ಮಾಡಿಸಿದ್ದೆ. ರಿಪೋರ್ಟ್ ಬಂತು, ಮದುವೆ ಆಲ್ಬಮ್ ಥರ. ಮೊದಲ ಪುಟದಲ್ಲಿ ಹಸಿರು, ಹಳದಿ, ಕೆಂಪು ಬಣ್ಣದ ದೊಡ್ಡ ಚಕ್ರ, ಮಧ್ಯೆ ನನ್ನ ಕರುಳಿಗೆ ಮಾರ್ಕ್ಸ್. ಹಿಂದೆ ಬಾಯಿಗೆ ಬಾರದ ಬ್ಯಾಕ್ಟೀರಿಯಾ ಹೆಸರು, ಪಕ್ಕದಲ್ಲಿ ಮೇಲೆ ಕೆಳಗೆ ಬಾಣ. ಕೊನೆ ಪುಟದಲ್ಲಿ ಅವರದೇ ಪುಡಿ, ತಿಂಗಳ ಪ್ಯಾಕ್, ಮೂರು ತಿಂಗಳಿಗೆ ತಗೊಂಡರೆ ರಿಯಾಯಿತಿ. ಗ್ಯಾಸ್ಟ್ರೋ ಡಾಕ್ಟರಿಗೆ ತೋರಿಸಿದೆ. ಪುಟ ತಿರುವಿ ನೋಡಿದರು, ಮಡಚಿ ವಾಪಸ್ ಕೊಟ್ಟು "ಹಾಲು ಎಷ್ಟು ಕುಡೀತೀರಿ" ಅಂತ ಕೇಳಿದರು. ಹಾಲು ಬಿಟ್ಟೆ, ಗ್ಯಾಸ್ ಹೋಯಿತು.

ಆರೋಗ್ಯವಂತರ ಕರುಳಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿರಬೇಕು ಅಂತ ಸಕ್ಕರೆಗೆ ಇರೋ ಹಾಗೆ ಒಂದು ಗೆರೆ ಇಲ್ಲ. ಗೆರೆ ಇಲ್ಲದ ಮೇಲೆ ಕಮ್ಮಿ ಅನ್ನೋದು ಯಾರಿಗಿಂತ ಕಮ್ಮಿ? ಮಾರುವವರಿಗೆ ಈ ಪ್ರಶ್ನೆ ಕೇಳಿ ನೋಡಿ.

ಮೆಡಿಕಲ್ಸ್ ಕೌಂಟರ್ (ಚಿಂತಾಮಣಿ)

ಪುಡಿ, ಕ್ಯಾಪ್ಸೂಲ್ ಬಗ್ಗೆ ಒಂದೆರಡು ಮಾತು, ನನ್ನ ವ್ಯಾಪಾರಕ್ಕೆ ಕಲ್ಲು ಬಿದ್ದರೂ ಪರವಾಗಿಲ್ಲ. ಆಂಟಿಬಯಾಟಿಕ್ ಜೊತೆ ಪ್ರೋಬಯಾಟಿಕ್, ಅಂದರೆ ಒಳ್ಳೆ ಬ್ಯಾಕ್ಟೀರಿಯಾ ತುಂಬಿದ ಪುಡಿ ಇಲ್ಲಾ ಕ್ಯಾಪ್ಸೂಲ್, ಬರೆಯೋದು ನಮ್ಮಲ್ಲಿ ಅಭ್ಯಾಸ ಆಗಿಬಿಟ್ಟಿದೆ. ಆಂಟಿಬಯಾಟಿಕ್ ಭೇದಿ ತಡೆಯೋಕೆ ಕೆಲವು ತಳಿಗಳು ಸ್ವಲ್ಪ ಸಹಾಯ ಮಾಡುತ್ತವೆ ಅಂತ ಅಧ್ಯಯನಗಳಿವೆ, ಇಲ್ಲ ಅನ್ನಲ್ಲ. ಆದರೆ 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಒಂದು ಪ್ರಯೋಗ ಮಾಡಿದರು. ಆರೋಗ್ಯವಂತರಿಗೆ ಆಂಟಿಬಯಾಟಿಕ್ ಕೊಟ್ಟು, ಆಮೇಲೆ ಕೆಲವರಿಗೆ ಪ್ರೋಬಯಾಟಿಕ್, ಕೆಲವರಿಗೆ ಏನೂ ಇಲ್ಲ, ಇನ್ನು ಕೆಲವರಿಗೆ ಮೊದಲೇ ತೆಗೆದಿಟ್ಟಿದ್ದ ಅವರದೇ ಮಲ. ಪ್ರೋಬಯಾಟಿಕ್ ತಗೊಂಡವರ ಸ್ವಂತ ಬ್ಯಾಕ್ಟೀರಿಯಾ ವಾಪಸ್ ಬರೋದು ಏನೂ ತಗೊಳ್ಳದವರಿಗಿಂತ ತಡ ಆಯಿತು. ಸಣ್ಣ ಪ್ರಯೋಗ, ಅದೊಂದನ್ನೇ ಹಿಡ್ಕೊಂಡು ಕೂರಬೇಕಿಲ್ಲ. ಒಳ್ಳೇದು ತಾನೇ, ತಗೊಂಡರೆ ಏನು ಹೋಗುತ್ತೆ ಅನ್ನೋರಿಗೆ ಹೇಳಿದೆ.

ಅವರೆಕಾಯಿ

ಎಲ್ಲ ಪ್ರೋಬಯಾಟಿಕ್ಕನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಸರ್. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಜಾಸ್ತಿ ನವಜಾತ ಶಿಶುಗಳ ಮೇಲೆ ಅಧ್ಯಯನ ಆಗಿ 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ಮಿನ ಒಂದು ತಳಿ, ಅದಕ್ಕೆ ಆಹಾರವಾಗೋ ಒಂದು ಬಗೆಯ ಸಕ್ಕರೆ, ಎರಡೂ ಸೇರಿಸಿ ಒಂದು ವಾರ ಕೊಟ್ಟರು. ನಂಜು (ಸೋಂಕು ಮೈಗೆಲ್ಲ ಏರೋ ಸೆಪ್ಸಿಸ್) ಅಥವಾ ಸಾವು ಕಂಡ ಮಕ್ಕಳು ನೂರಕ್ಕೆ 9ರಿಂದ 5.4ಕ್ಕೆ ಇಳಿದರು. ಪಿನಾಕಿ ಪಾಣಿಗ್ರಾಹಿ ಅವರ ತಂಡ. ಸರಿಯಾದ ತಳಿ, ಸರಿಯಾದ ವಯಸ್ಸು ಸಿಕ್ಕಿದರೆ ಕೆಲಸ ಆಗುತ್ತದೆ.

ಮೆಡಿಕಲ್ಸ್ ಕೌಂಟರ್ (ಚಿಂತಾಮಣಿ)

ಒಪ್ಪಿದೆ. ಅಂಗಡಿಗೆ ಬರೋರು ತಳಿ ಕೇಳಲ್ಲ, "ಸ್ಟ್ರಾಬೆರಿ ಫ್ಲೇವರ್ ಇದೆಯಾ" ಅಂತ ಕೇಳ್ತಾರೆ.

ಹಿಪ್ಪುನೇರಳೆ (ಶಿಡ್ಲಘಟ್ಟ)

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನನ್ನ ತೋರಿಸಿಕೊಂಡು ಬಂದೆ. ಟಾಕ್ಸಿನ್ ಟೆಸ್ಟ್ ಪಾಸಿಟಿವ್, ಕೌಂಟರ್ ಅವರು ಹೇಳಿದ್ದೇ. ವ್ಯಾಂಕೊಮೈಸಿನ್ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ವಾತದ ಡಾಕ್ಟರ್ ಹತ್ತಿರ ಫೋನಲ್ಲಿ ಮಾತಾಡಿದೆ, ಸಲ್ಫಾಸಲಜಿನ್ ನಡೀಲಿ, ಒಂದು ರಕ್ತ ಪರೀಕ್ಷೆ ಮಾಡಿಸಿ ಅಂದರು. ಡಬ್ಬಿ ಟೆಸ್ಟ್ ಕ್ಯಾನ್ಸಲ್, ತಂಗಿ ಮುಖ ಊದಿಸಿಕೊಂಡಿದ್ದಾಳೆ. ನನ್ನ ಅನುಮಾನ ಏನಂದ್ರೆ, ಆಂಟಿಬಯಾಟಿಕ್ಕಿಂದ ಬಂದ ಕಾಯಿಲೆಗೆ ಮತ್ತೆ ಆಂಟಿಬಯಾಟಿಕ್ ಯಾಕೆ? ಇದು ಮತ್ತೆ ಬರುತ್ತದಾ? ಬೇರೆಯವರ ಮಲ ಹಾಕುತ್ತಾರೆ ಅಂತ ಅಲ್ಲಿ ಒಬ್ಬರು ಅಂದರು, ಅಮ್ಮನಿಗೆ ಹೇಳಿದ್ದರೆ ಆಸ್ಪತ್ರೆಯಿಂದ ಓಡಿ ಬಂದಿರೋರು.

ಮೈಕ್ರೋಸ್ಕೋಪ್ (ಕೋಲಾರ)

ವ್ಯಾಂಕೊಮೈಸಿನ್ ನುಂಗಿದರೆ ರಕ್ತಕ್ಕೆ ಸೇರೋದು ಬಹಳ ಕಮ್ಮಿ, ಕರುಳಲ್ಲೇ ಉಳಿಯುತ್ತದೆ. ಬೇರೆ ಸೋಂಕಿಗೆ ಅದನ್ನ ನರಕ್ಕೆ ಕೊಡುತ್ತಾರೆ, ಇದಕ್ಕೆ ಮಾತ್ರ ಬಾಯಿಗೆ. ಸಿ ಡಿಫ್ ಅನ್ನ ಇದು ಕೊಲ್ಲುತ್ತದೆ, ಆದರೆ ಬೀಜಾಣುಗಳು ಉಳಿಯುತ್ತವೆ, ಹಾಗಾಗಿ ಕೆಲವರಿಗೆ ಮತ್ತೆ ಬರುತ್ತದೆ. ಬಹಳ ಜನಕ್ಕೆ ಒಂದೇ ಕೋರ್ಸ್‌ಗೆ ವಾಸಿ.

ಮಲದ ಚಿಕಿತ್ಸೆ ನಿಜ. ಮತ್ತೆ ಮತ್ತೆ ಬರೋರಿಗೆ ಅದು. 2013ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ನಡೆದ ಪ್ರಯೋಗದಲ್ಲಿ ಆರೋಗ್ಯವಂತರ ಮಲದ ತಿಳಿಯನ್ನ ಮೂಗಿನಿಂದ ಸಣ್ಣ ಕರುಳಿಗೆ ಇಳಿಸಿದ ಟ್ಯೂಬಲ್ಲಿ ಹಾಕಿದರು. 16 ಜನರಲ್ಲಿ 13 ಜನ ಮೊದಲ ಸಲಕ್ಕೇ ಗುಣ, ಬರೀ ವ್ಯಾಂಕೊಮೈಸಿನ್ ತಗೊಂಡ 13 ಜನರಲ್ಲಿ 4. ವ್ಯತ್ಯಾಸ ನೋಡಿ ಪ್ರಯೋಗವನ್ನೇ ಮಧ್ಯದಲ್ಲಿ ನಿಲ್ಲಿಸಿದರು. ಈಗ ಅಮೆರಿಕದಲ್ಲಿ ದಾನಿಗಳ ಮಲದಿಂದ ತೆಗೆದ ಬ್ಯಾಕ್ಟೀರಿಯಾ ಬೀಜಾಣುಗಳ ಕ್ಯಾಪ್ಸೂಲಿಗೇ 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡೋ ಕೆಲಸ ಖಂಡಿತ ಅಲ್ಲ. 2019ರಲ್ಲಿ ಅಲ್ಲೇ ದಾನಿಯ ಮಲದಲ್ಲಿದ್ದ, ಔಷಧಿಗೆ ಬಗ್ಗದ ಇ ಕೊಲೈ ಇಬ್ಬರಿಗೆ ಹತ್ತಿ ಒಬ್ಬರು ತೀರಿಕೊಂಡರು.

ಮನೆಯಲ್ಲಿ ಸ್ಯಾನಿಟೈಸರ್ ನಂಬಬೇಡಿ, ಸಿ ಡಿಫ್ ಬೀಜಾಣು ಅದಕ್ಕೆ ಸಾಯಲ್ಲ. ಸೋಪು ಹಾಕಿ ನೀರಲ್ಲಿ ಚೆನ್ನಾಗಿ ಉಜ್ಜಿ ಕೈ ತೊಳೀಬೇಕು, ಅಮ್ಮ ಅಷ್ಟೇ ಅಲ್ಲ, ನೋಡಿಕೊಳ್ಳೋರೂ. ಟಾಯ್ಲೆಟ್‌ಗೆ ಬ್ಲೀಚಿಂಗ್ ಪೌಡರ್. ಹುಳುವಿನ ಮನೆಗೆ ಪ್ರತಿ ಬೆಳೆಗೂ ಹಾಕೋ ನಿಮಗೆ ಅದನ್ನ ಹೇಳಿಕೊಡೋದೇನಿದೆ.

ಮುದ್ದೆ ಬಸ್ಸಾರು

ಊಟಕ್ಕೆ ಏನು ಕೊಡೋದು? ರಾಗಿ ಅಂಬಲಿ ನಡೆಯುತ್ತಾ?

ಮೈಕ್ರೋಸ್ಕೋಪ್ (ಕೋಲಾರ)

ಭೇದಿ ಇರೋವರೆಗೆ ಅನ್ನ, ತೆಳು ಗಂಜಿ, ಮಜ್ಜಿಗೆ, ಹೊಟ್ಟೆ ತಡೆದಷ್ಟು. ಪೂರ್ತಿ ಸರಿಹೋದ ಮೇಲೆ ಮುದ್ದೆ, ಹುರುಳಿಕಾಳು, ಸೊಪ್ಪು ಎಲ್ಲ ನಿಧಾನಕ್ಕೆ ಶುರು ಮಾಡಿ. ನಮಗೆ ಅರಗದ ನಾರನ್ನ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿ ಬ್ಯುಟಿರೇಟ್ ಅನ್ನೋ ಆಮ್ಲ ಮಾಡುತ್ತವೆ. ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರವೇ ಅದು. ರಾಗಿಯಲ್ಲಿ ನೂರು ಗ್ರಾಂಗೆ 11 ಗ್ರಾಂ ಹತ್ತಿರ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ಇದೆಲ್ಲ ಊಟ, ಸಿ ಡಿಫ್‌ಗೆ ಔಷಧಿ ಅಲ್ಲ. ಕ್ಯಾಪ್ಸೂಲ್ ಮುಗಿಯೋವರೆಗೂ ತಪ್ಪಿಸಬೇಡಿ.

ಮೆಡಿಕಲ್ಸ್ ಕೌಂಟರ್ (ಚಿಂತಾಮಣಿ)

ಇನ್ನೊಂದು. ಅಮ್ಮನ ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ "ಕ್ಲಿಂಡಾಮೈಸಿನ್ ಆದ ಮೇಲೆ ಸಿ ಡಿಫ್ ಬಂದಿತ್ತು" ಅಂತ ಬರೆದು ಅಂಟಿಸಿ, ತಿಂಗಳು, ವರ್ಷ ಹಾಕಿ. ಗ್ಯಾಸ್ಟ್ರಿಕ್‌ಗೆ ಅಂತ ಪ್ಯಾಂಟೊಪ್ರಜೋಲ್ ಸುಮ್ನೆ ನುಂಗುತ್ತಿದ್ದರೆ ಬೇಕಾ ಅಂತ ಡಾಕ್ಟರಿಗೆ ಕೇಳಿ, ಅದೂ ಈ ಸೋಂಕಿನ ಅಪಾಯ ಹೆಚ್ಚಿಸುತ್ತದೆ ಅಂತಾರೆ. ಮತ್ತೆ ಹಲ್ಲಿನ ಡಾಕ್ಟರಿಗೂ ಒಂದು ಫೋನ್ ಮಾಡಿ ತಿಳಿಸಿ. ಜಗಳಕ್ಕಲ್ಲ, ಅವರಿಗೂ ಗೊತ್ತಿರಬೇಕು.